ಘಟ್ಟದ ಕೆಳಗೆ ಎರಡು ರಾತ್ರಿ, ಮೇಲೆ ಎರಡು ರಾತ್ರಿ: ಉತ್ತರ ಕನ್ನಡಕ್ಕೆ ಮೊದಲ ಸಲ ಹೋಗುವವರಿಗೆ

"ಮೂರು ದಿನ ರಜೆ ಇದೆ. ಗೋಕರ್ಣ, ಯಾಣ, ಜೋಗ, ಮುರ್ಡೇಶ್ವರ, ದಾಂಡೇಲಿ ಎಲ್ಲ ಆಗುತ್ತಾ?"

ಈ ಪ್ರಶ್ನೆಯನ್ನು ನನಗೆ ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ. ಚಿಕ್ಕ ಉತ್ತರ: ಆಗುವುದಿಲ್ಲ, ಆಗಿಸಲು ಹೋಗಬೇಡಿ.

ಯಾಕೆ ಅಂದರೆ, ನಕ್ಷೆಯಲ್ಲಿ ಕುಮಟಾಕ್ಕೂ ಶಿರಸಿಗೂ ನಡುವೆ ಸುಮಾರು 60 ಕಿಲೋಮೀಟರ್ ಕಾಣಿಸುತ್ತದೆ. ಒಂದು ಗಂಟೆ ಸಾಕು ಅಂದುಕೊಳ್ಳುತ್ತೀರಿ. ಆದರೆ ಆ ದಾರಿಯ ನಡುವೆ ಘಟ್ಟ ಇದೆ. ತಿರುವು ಇದೆ, ಲಾರಿ ಇದೆ, ಮಂಜು ಇದೆ, ಮಳೆಗಾಲದಲ್ಲಿ ಮಣ್ಣು ಕುಸಿದ ಜಾಗವೂ ಇರುತ್ತದೆ. ಇಲ್ಲಿನ ಜನ ಇಡೀ ಜಿಲ್ಲೆಯನ್ನು ಎರಡೇ ಭಾಗ ಮಾಡಿ ಮಾತಾಡುತ್ತಾರೆ: ಘಟ್ಟದ ಕೆಳಗೆ, ಘಟ್ಟದ ಮೇಲೆ. ಕೆಳಗೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೊಯಿಡಾ, ದಾಂಡೇಲಿ ಮತ್ತೆ ಉಳಿದವು. ಹವೆ ಬೇರೆ, ಊಟ ಬೇರೆ, ನೋಡಲು ಒಳ್ಳೆಯ ತಿಂಗಳೂ ಬೇರೆ. ನಿಮ್ಮ ಪ್ರವಾಸವನ್ನೂ ಹೀಗೇ ಎರಡು ಭಾಗ ಮಾಡಿಕೊಂಡರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ.

1. ಮೊದಲು ತಿಂಗಳು ಆರಿಸಿ, ಜಾಗ ಆಮೇಲೆ

ಹೆಚ್ಚಿನವರು ಮೊದಲು ಜಾಗಗಳ ಪಟ್ಟಿ ಮಾಡುತ್ತಾರೆ, ಆಮೇಲೆ ರಜೆ ಯಾವಾಗ ಸಿಗುತ್ತದೋ ಆವಾಗ ಹೊರಡುತ್ತಾರೆ. ಮೇ ತಿಂಗಳಲ್ಲಿ ಜೋಗಕ್ಕೆ ಹೋಗಿ ಬರೀ ಬಂಡೆ ನೋಡಿ ಬರುವುದು, ಜುಲೈನಲ್ಲಿ ಮಕ್ಕಳನ್ನು ಕರೆದುಕೊಂಡು ಸಮುದ್ರಕ್ಕೆ ಇಳಿಯಲು ಹೋಗುವುದು, ಎರಡೂ ಇದರಿಂದಲೇ ಆಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಬೆಂಗಳೂರಿನ ಮಳೆ ಅಂದುಕೊಳ್ಳಬೇಡಿ. ಇಲ್ಲಿ ಹಿಡಿದರೆ ದಿನಗಟ್ಟಲೆ ಹನಿ ಕಡಿಯುವುದಿಲ್ಲ. ಈ ಕಾಲದಲ್ಲಿ ಸಮುದ್ರವನ್ನು ದೂರದಿಂದ ನೋಡಬೇಕು, ಇಳಿಯಬಾರದು. ಹಸಿರು ನೋಡಲು, ಮಳೆಯ ಸದ್ದು ಕೇಳುತ್ತಾ ಒಂದು ಮನೆಯಲ್ಲಿ ಸುಮ್ನೆ ಕೂರಲು ಆಸೆ ಇದ್ದವರಿಗೆ ಮಾತ್ರ ಇದು ಚೆನ್ನ. ಜಲಪಾತಗಳು ತುಂಬಿರುತ್ತವೆ ನಿಜ, ಆದರೆ ಮಂಜು ಅವನ್ನು ಗಂಟೆಗಟ್ಟಲೆ ಮುಚ್ಚಿಬಿಡುತ್ತದೆ.

ನನ್ನ ಆಯ್ಕೆ ಕೇಳಿದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಅನ್ನುತ್ತೇನೆ. ಮಳೆ ಕಡಿಮೆಯಾಗಿರುತ್ತದೆ, ಜಲಪಾತದಲ್ಲಿ ನೀರು ಇನ್ನೂ ಇರುತ್ತದೆ, ಅಕ್ಟೋಬರ್ ಹೊತ್ತಿಗೆ ಕಡಲೂ ಸ್ವಲ್ಪ ಶಾಂತವಾಗುತ್ತದೆ. ಮೇಲೆ, ಕೆಳಗೆ ಎರಡೂ ಕಡೆ ಒಟ್ಟಿಗೆ ಚೆನ್ನಾಗಿರುವ ಕಾಲ ವರ್ಷದಲ್ಲಿ ಇದೊಂದೇ.

ಡಿಸೆಂಬರ್‌ನಿಂದ ಫೆಬ್ರವರಿ ಕಡಲಿಗೆ ಒಳ್ಳೆಯದು. ಜನ ಜಾಸ್ತಿ, ಬಾಡಿಗೆಯೂ ಜಾಸ್ತಿ. ಗೋಕರ್ಣದಲ್ಲಿ ವರ್ಷದ ಕೊನೆಯ ವಾರ ಮತ್ತು ಶಿವರಾತ್ರಿಗೆ ರೂಮು ಮೊದಲೇ ಹಿಡಿದಿಡದಿದ್ದರೆ ಕಷ್ಟ. ಮಾರ್ಚ್‌ನಿಂದ ಮೇ ಬೆವರು. ಬಿಸಿಲಿಗಿಂತ ಸೆಕೆ ಜಾಸ್ತಿ ಕಾಡುತ್ತದೆ. ಬೆಳಿಗ್ಗೆ 10ರ ಒಳಗೆ ಮತ್ತು ಸಂಜೆ 4ರ ಮೇಲೆ ಮಾತ್ರ ತಿರುಗಾಡಿ.

ಮೀನು ಊಟಕ್ಕೇ ಬರುವವರು ಒಂದು ವಿಷಯ ತಿಳಿದಿರಿ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಹೋಗುವಂತಿಲ್ಲ. ಮೀನು ಮರಿ ಹಾಕುವ ಕಾಲ ಅಂತ ಸರ್ಕಾರದ ನಿಷೇಧ. ಆಗ ಹೋಟೆಲಿನಲ್ಲಿ ಸಿಗುವ ಸಮುದ್ರದ ಮೀನು ಹೆಚ್ಚಾಗಿ ಐಸಿನಲ್ಲಿಟ್ಟದ್ದು. ಹೊಳೆ ಮೀನು ಇದೆಯಾ ಅಂತ ಕೇಳಿ, ಅದು ತಾಜಾ ಇರುತ್ತದೆ.

2. ದಾರಿ: ಹತ್ತಿದ ಘಟ್ಟದಲ್ಲೇ ಇಳಿಯಬೇಡಿ

ಬೆಂಗಳೂರಿನಿಂದ ಬರುವವರಿಗೆ ನಾನು ಹೇಳುವ ದಾರಿ ಒಂದು ಸುತ್ತು. ರಾತ್ರಿ ರೈಲಿನಲ್ಲಿ ಕರಾವಳಿಗೆ ಬನ್ನಿ, ಎರಡು ರಾತ್ರಿ ಕೆಳಗೆ ಉಳಿಯಿರಿ. ಮೂರನೇ ದಿನ ಹೊನ್ನಾವರದಿಂದ ಗೇರುಸೊಪ್ಪ ಘಟ್ಟ ಹತ್ತಿ ಜೋಗ ನೋಡಿ ಸಿದ್ದಾಪುರ ಅಥವಾ ಶಿರಸಿ ಸೇರಿ. ಅಲ್ಲಿ ಎರಡು ರಾತ್ರಿ. ವಾಪಸು ಶಿರಸಿಯಿಂದ ರಾತ್ರಿ ಬಸ್ಸು. ನೋಡಿದ ದಾರಿಯನ್ನೇ ಮತ್ತೆ ನೋಡುವ ಕೆಲಸವೇ ಇಲ್ಲ. ಮೂರೇ ದಿನ ಇದೆ ಅನ್ನುವವರು ದಯವಿಟ್ಟು ಒಂದನ್ನೇ ಆರಿಸಿ: ಮೇಲೆ ಅಥವಾ ಕೆಳಗೆ.

ರೈಲಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಎಲ್ಲರಿಗೂ ಗೊತ್ತು. ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಹಬ್ಬದ ವಾರಗಳ ಸೀಟು ತೆರೆದ ದಿನವೇ ಖಾಲಿ. ಇಳಿಯುವ ನಿಲ್ದಾಣ ಸರಿಯಾಗಿ ನೋಡಿಕೊಳ್ಳಿ. ಗೋಕರ್ಣಕ್ಕೆ 'ಗೋಕರ್ಣ ರೋಡ್' ನಿಲ್ದಾಣ. ಅದು ಊರಿನೊಳಗಿಲ್ಲ, ಆಟೋ ಹಿಡಿಯಬೇಕು. ಹತ್ತುವ ಮೊದಲೇ ಬಾಡಿಗೆ ಮಾತಾಡಿ. ಇನ್ನೊಂದು, ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ. ಗುಡ್ಡ ಕುಸಿಯುವ ಭಯದಿಂದ ರೈಲುಗಳನ್ನು ನಿಧಾನ ಓಡಿಸುತ್ತಾರೆ. ಹೋದ ವರ್ಷ ಹೋದ ಗೆಳೆಯರು ಹೇಳಿದ ಸಮಯ ನಂಬಬೇಡಿ.

ಸ್ವಂತ ಕಾರಿನಲ್ಲಿ ಬರುವವರಿಗೆ ಘಟ್ಟಗಳ ಹೆಸರು ಗೊತ್ತಿರಲಿ, ದಾರಿ ಕೇಳುವಾಗ ಜನ ಹೆಸರಿನಲ್ಲೇ ಹೇಳುತ್ತಾರೆ. ಶಿರಸಿ–ಕುಮಟಾ ನಡುವೆ ದೇವಿಮನೆ ಘಟ್ಟ. ಯಲ್ಲಾಪುರ–ಅಂಕೋಲಾ ನಡುವೆ ಅರಬೈಲು. ಸಿದ್ದಾಪುರ–ಕುಮಟಾ ನಡುವೆ ದೊಡ್ಮನೆ. ಜೊಯಿಡಾ–ಕಾರವಾರ ನಡುವೆ ಅಣಶಿ. ಮಳೆಗಾಲದಲ್ಲಿ, ರಸ್ತೆ ಕೆಲಸ ನಡೆಯುವಾಗ, ಇವುಗಳಲ್ಲಿ ಒಂದಲ್ಲ ಒಂದು ಮುಚ್ಚಿರುತ್ತದೆ. ಮೊಬೈಲಿನ ನಕ್ಷೆ ಅದನ್ನು ಯಾವಾಗಲೂ ಹೇಳುವುದಿಲ್ಲ. ಹೊರಡುವ ಬೆಳಿಗ್ಗೆ ನೀವು ಉಳಿಯುವ ಮನೆಯವರಿಗೆ ಫೋನ್ ಮಾಡಿ "ಘಟ್ಟ ಓಪನ್ ಇದೆಯಾ?" ಅಂತ ಕೇಳಿ. ಇಷ್ಟು ಸಾಕು.

ಘಟ್ಟ ಇಳಿಯುವಾಗ ಬ್ರೇಕ್ ಒತ್ತಿಯೇ ಇರಬೇಡಿ, ಬಿಸಿಯಾಗಿ ಹಿಡಿಯುವುದು ಬಿಟ್ಟುಬಿಡುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಹತ್ತಿ ಬರುವ ವಾಹನಕ್ಕೆ ದಾರಿ ಬಿಡಿ. ತಿರುವಿನಲ್ಲಿ ಹಾರ್ನ್ ಹಾಕಿ. ಕತ್ತಲಾದ ಮೇಲೆ ಮೊದಲ ಸಲ ಘಟ್ಟಕ್ಕೆ ಕಾರು ಹಾಕುವುದು ಬೇಡ.

ಮಳೆಯಲ್ಲಿ ಗುಡ್ಡ ಕಡಿದು ಮಾಡಿದ ರಸ್ತೆಯ ಪಕ್ಕ ವಾಹನ ನಿಲ್ಲಿಸಲೇಬೇಡಿ. ಚಹಾಕ್ಕೂ ಬೇಡ, ಫೋಟೋಗೂ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದು ನಿಮಗೆ ನೆನಪಿರಬಹುದು. ರಸ್ತೆ ಬದಿಯ ಚಹಾದಂಗಡಿ ಹೋಯಿತು, ನಿಂತ ವಾಹನಗಳು ಹೋದವು, ಜೀವಗಳು ಹೋದವು. ಬೆಟ್ಟದಿಂದ ಕೆಂಪು ನೀರು ಸುರಿಯುವುದು, ಸಣ್ಣ ಕಲ್ಲು ಉರುಳುವುದು ಕಂಡರೆ ಅಲ್ಲಿಂದ ಬೇಗ ದಾಟಿ.

ಬಸ್ಸಿನಲ್ಲಿ ತಿರುಗುವವರಿಗೆ ಈ ಜಿಲ್ಲೆಯಲ್ಲಿ ಓಡುವುದು ಹೆಚ್ಚಾಗಿ ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸುಗಳು. ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಟಿಕೆಟ್ ಉಚಿತ, ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿರಲಿ. ಊರೊಳಗಿನ ಬಸ್ಸುಗಳು ಸಂಜೆ ಬೇಗ ಮುಗಿಯುತ್ತವೆ. ಇಳಿಯುವಾಗಲೇ ಕಂಡಕ್ಟರನ್ನು "ವಾಪಸು ಕೊನೇ ಬಸ್ ಎಷ್ಟಕ್ಕೆ?" ಅಂತ ಕೇಳಿಟ್ಟುಕೊಳ್ಳಿ.

3. ಚೀಲದಲ್ಲಿ ಏನಿರಬೇಕು

ಬೇಗ ಒಣಗುವ ಬಟ್ಟೆ. ಜೀನ್ಸ್ ಬೇಡ, ಮಳೆಗಾಲದಲ್ಲಿ ಒಮ್ಮೆ ಒದ್ದೆಯಾದರೆ ಊರಿಗೆ ಹೋದ ಮೇಲೇ ಒಣಗುವುದು. ಗಾಳಿ ಮಳೆಗೆ ಕೊಡೆ ನಿಲ್ಲುವುದಿಲ್ಲ, ರೇನ್‌ಕೋಟ್ ತನ್ನಿ. ಹಿಡಿತ ಇರುವ ಚಪ್ಪಲಿ ಅಥವಾ ಶೂ, ಟಾರ್ಚ್, ಒಂದು ಪಂಚೆ (ಗೋಕರ್ಣದ ಮಹಾಬಲೇಶ್ವರನ ದರ್ಶನಕ್ಕೆ ಗಂಡಸರು ಅಂಗಿ ತೆಗೆದು ಪಂಚೆಯಲ್ಲಿ ಹೋಗಬೇಕು), ನಗದು ಹಣ. ಮೊಬೈಲಿನಲ್ಲಿ ದುಡ್ಡು ಕೊಡುವುದು ಎಲ್ಲ ಕಡೆ ಇದೆ, ಆದರೆ ಘಟ್ಟದ ನಡುವಿನ ಅಂಗಡಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಬುಕಿಂಗ್ ಕಾಗದ, ನಕ್ಷೆ, ಮನೆಯವರ ನಂಬರ್ ಎಲ್ಲ ಮೊದಲೇ ಇಳಿಸಿಟ್ಟುಕೊಳ್ಳಿ. ವಾಂತಿ ಬರುವವರು ತಿರುವುಗಳ ಅರ್ಧ ಗಂಟೆ ಮೊದಲೇ ಮಾತ್ರೆ ತೆಗೆದುಕೊಳ್ಳಿ. ಬಂದ ಮೇಲೆ ನುಂಗಿ ಪ್ರಯೋಜನ ಇಲ್ಲ.

4. ಕೆಳಗಿನ ಎರಡು ದಿನ

ಗೋಕರ್ಣ ಅಥವಾ ಕುಮಟಾದಲ್ಲಿ ಉಳಿಯಿರಿ. ಒಂದು ದಿನ ಗೋಕರ್ಣಕ್ಕೇ ಇಡಿ: ಬೆಳಿಗ್ಗೆ ದೇವಸ್ಥಾನ, ಕೋಟಿತೀರ್ಥ, ಸಂಜೆ ಕುಡ್ಲೆ ಅಥವಾ ಓಂ ಬೀಚು. ಓಂನಿಂದ ಹಾಫ್ ಮೂನ್, ಪ್ಯಾರಡೈಸ್ ಕಡೆ ಗುಡ್ಡದಂಚಿನಲ್ಲಿ ನಡೆದು ಹೋಗುವ ದಾರಿ ಇದೆ. ಚೆಂದದ ದಾರಿ, ಆದರೆ ವಾಪಸು ಬರುವಷ್ಟರಲ್ಲಿ ಬೆಳಕಿರಬೇಕು. ದೋಣಿ ಸಿಗುತ್ತದೆ ಅಂತ ನಂಬಿ ಸಂಜೆ 5ಕ್ಕೆ ಹೊರಡುವವರು ಕತ್ತಲಲ್ಲಿ ಬಂಡೆ ಹತ್ತುತ್ತಾರೆ.

ಈಗ ಕಡಲಿನ ವಿಷಯ. ಇದನ್ನು ಮಾತ್ರ ನಿಧಾನವಾಗಿ ಓದಿ.

ದಡದಲ್ಲಿ ನಿಂತು ಐದು ನಿಮಿಷ ಸುಮ್ನೆ ನೋಡಿ. ಅಲೆಗಳು ಸಾಲಾಗಿ ಬಂದು ಬಿಳಿ ನೊರೆಯಾಗಿ ಒಡೆಯುತ್ತಿರುತ್ತವೆ. ಆ ಸಾಲಿನಲ್ಲಿ ಒಂದು ಕಡೆ ಅಲೆಯೇ ಒಡೆಯದೆ, ನೀರು ಸ್ವಲ್ಪ ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಸರಿಯಾಗಿ ನೋಡಿದರೆ ಅಲ್ಲಿ ನೊರೆ, ಮರಳು, ಕಸ ಎಲ್ಲ ದಡದಿಂದ ಒಳಕ್ಕೆ ಹೋಗುತ್ತಿರುತ್ತದೆ. ಇದೇ ಸೆಳೆತ. ಅಲೆಗಳು ದಡಕ್ಕೆ ತಂದ ನೀರು ವಾಪಸು ಹೋಗುವ ಕಾಲುವೆ ಅದು. ಗೊತ್ತಿಲ್ಲದವರು "ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಒಳ್ಳೆಯದು" ಅಂತ ಸರಿಯಾಗಿ ಅಲ್ಲೇ ಇಳಿಯುತ್ತಾರೆ. ಮೊಣಕಾಲು ನೀರಿನಲ್ಲಿ ನಿಂತಾಗಲೇ ಕಾಲಡಿಯ ಮರಳು ಜಾರತೊಡಗುತ್ತದೆ, ಸೊಂಟದವರೆಗೆ ಹೋದರೆ ನಿಲ್ಲಲು ಆಗುವುದಿಲ್ಲ.

ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಬೇಡಿ. ಒಳ್ಳೆಯ ಈಜುಗಾರರೂ ಸೋಲುವುದು ಅಲ್ಲೇ. ತೇಲುತ್ತಾ ಇರಿ, ಕೈ ಎತ್ತಿ ಕೂಗಿ, ದಡಕ್ಕೆ ಸಮಾನಾಂತರವಾಗಿ ಎಡಕ್ಕೋ ಬಲಕ್ಕೋ ಈಜಿ. ಸೆಳೆತ ಅಗಲವಾಗಿರುವುದಿಲ್ಲ. ಅದರಿಂದ ಹೊರಬಂದ ಮೇಲೆ ಅಲೆಯ ಜೊತೆ ದಡಕ್ಕೆ ಬನ್ನಿ. ಇನ್ನೊಬ್ಬರು ಸಿಕ್ಕಿಕೊಂಡರೆ ನೀವು ಹಾರಬೇಡಿ. ಹಗ್ಗ, ಟ್ಯೂಬು, ಖಾಲಿ ಕ್ಯಾನ್, ತೇಲುವ ಏನಾದರೂ ಎಸೆಯಿರಿ, ಜೀವರಕ್ಷಕರನ್ನು ಕರೆಯಿರಿ. ಕುಡಿದು ಇಳಿಯುವುದು ಬೇಡವೇ ಬೇಡ. ಅಮಾವಾಸ್ಯೆ ಹುಣ್ಣಿಮೆ ಹೊತ್ತಿಗೆ ಉಬ್ಬರ ಇಳಿತ ಎರಡೂ ದೊಡ್ಡವು. ಇಳಿತದಲ್ಲಿ ನಡೆದು ಹೋದ ಬಂಡೆಗೆ ಉಬ್ಬರದಲ್ಲಿ ವಾಪಸು ದಾರಿ ಇರುವುದಿಲ್ಲ. ದಡದ ಅಂಗಡಿಯವರು, ದೋಣಿಯವರು "ಇವತ್ತು ಇಳೀಬೇಡಿ" ಅಂದರೆ ಅಷ್ಟೇ, ವಾದ ಬೇಡ. ಈ ನೀರಿನ ಜೊತೆ ಬದುಕುವವರು ಅವರು.

ಎರಡನೇ ದಿನ ದಕ್ಷಿಣಕ್ಕೆ ಹೊರಡಿ. ಹೆದ್ದಾರಿಯಿಂದ ಸ್ವಲ್ಪವೇ ಒಳಗೆ ಮಿರ್ಜಾನ್ ಕೋಟೆ ಇದೆ, ಕಾಳುಮೆಣಸಿನ ರಾಣಿ ಅಂತ ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ನೆನಪಿನ ಜಾಗ. ಮಳೆಗಾಲ ಮುಗಿದ ಕೂಡಲೇ ಹೋದರೆ ಕೆಂಪು ಕಲ್ಲಿನ ಗೋಡೆ ಪೂರ್ತಿ ಹಸಿರು ಹೊದ್ದಿರುತ್ತದೆ. ಹಾಗೇ ಪಾಚಿಯೂ, ಜಾರುತ್ತದೆ. ಮುಂದೆ ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನಲ್ಲಿ ಬೇರು ಬಿಟ್ಟು ನಿಲ್ಲುವ ಮರಗಳ ಕಾಡು. ಅದರ ನಡುವೆ ಹಲಗೆಯ ದಾರಿಯಲ್ಲಿ ನಡೆಯಬಹುದು. ಪಕ್ಕದ ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು, ಅದು ಸ್ವಚ್ಛತೆ ಮತ್ತು ಸುರಕ್ಷತೆಗೆ ಕೊಡುವ ಅಂತರರಾಷ್ಟ್ರೀಯ ಗುರುತು. ಮಕ್ಕಳಿರುವವರಿಗೆ ನಾನು ಗೋಕರ್ಣಕ್ಕಿಂತ ಇದನ್ನೇ ಹೇಳುತ್ತೇನೆ.

ಮುರ್ಡೇಶ್ವರಕ್ಕೆ ಹೋಗುವವರಲ್ಲಿ ಹಲವರು ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡುತ್ತಾರೆ. ಮಳೆಗಾಲದಲ್ಲಿ ಇರುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಯಾರೂ ಸರಿಯಾಗಿ ಹೇಳುವುದಿಲ್ಲ. ನೀರಿನಾಳದಲ್ಲಿ ಉಸಿರಾಡಿದ ಮೇಲೆ ಕನಿಷ್ಠ 12ರಿಂದ 18 ಗಂಟೆ ಎತ್ತರಕ್ಕೆ ಹೋಗಬಾರದು, ರಕ್ತದಲ್ಲಿ ಸೇರಿದ ಸಾರಜನಕ ಗುಳ್ಳೆಯಾಗುವ ಅಪಾಯ ಇದೆ. ಅದೇ ದಿನ ಸಂಜೆ ವಿಮಾನ ಹತ್ತಬೇಡಿ. ಅದೇ ದಿನ ಘಟ್ಟ ಹತ್ತುವ ಯೋಜನೆ ಇದ್ದರೆ ನೀರಿಗಿಳಿಯುವ ಮೊದಲೇ ತರಬೇತುದಾರರಿಗೆ ಹೇಳಿ. ಸ್ಕೂಬಾವನ್ನು ಮೊದಲ ದಿನಕ್ಕೇ ಇಟ್ಟುಕೊಂಡರೆ ತಲೆನೋವೇ ಇಲ್ಲ.

5. ಘಟ್ಟ ಹತ್ತುವ ದಿನ: ಜೋಗ

ಹೊನ್ನಾವರದಿಂದ ಜೋಗಕ್ಕೆ ಸುಮಾರು 60 ಕಿಲೋಮೀಟರ್. ಬೆಳಿಗ್ಗೆ ಬೇಗ ಹೊರಡಿ. ರಾಜಾ, ರಾಣಿ, ರೋರರ್, ರಾಕೆಟ್ ಅಂತ ನಾಲ್ಕು ಕವಲು, 253 ಮೀಟರ್ ಎತ್ತರದಿಂದ ಶರಾವತಿ ಬೀಳುತ್ತಾಳೆ. ಮೇಲೆ ಲಿಂಗನಮಕ್ಕಿ ಆಣೆಕಟ್ಟು ಇರುವುದರಿಂದ ಎಷ್ಟು ನೀರು ಬೀಳುತ್ತದೆ ಅನ್ನುವುದು ಮಳೆ ಮತ್ತು ಆಣೆಕಟ್ಟು ಎರಡರ ಮೇಲೂ ನಿಂತಿದೆ. ಬೇಸಿಗೆಯಲ್ಲಿ ಎಳೆ ಎಳೆ ಅಷ್ಟೇ.

ಜನ ಮಾಡುವ ತಪ್ಪು: ಹೋದರು, ಮಂಜು ಮುಚ್ಚಿತ್ತು, ಹತ್ತು ನಿಮಿಷ ನಿಂತು ವಾಪಸು ಬಂದರು. ಕೂರಿ ಸ್ವಾಮಿ. ಜೋಳ ತಿನ್ನಿ, ಚಹಾ ಕುಡಿಯಿರಿ. ಗಾಳಿ ಒಮ್ಮೆ ತಿರುಗಿದರೆ ಪರದೆ ಸರಿದ ಹಾಗೆ ಮಂಜು ಸರಿಯುತ್ತದೆ, ಎರಡು ನಿಮಿಷ ಪೂರ್ತಿ ಕಾಣುತ್ತದೆ, ಮತ್ತೆ ಮುಚ್ಚುತ್ತದೆ. ಆ ಎರಡು ನಿಮಿಷಕ್ಕಾಗಿ ಒಂದೆರಡು ಗಂಟೆ ಕೈಯಲ್ಲಿಟ್ಟುಕೊಂಡೇ ಹೋಗಿ. ಕೆಳಗಿಳಿಯುವ ಮೆಟ್ಟಿಲು ಸುಮಾರು 1400. ಇಳಿಯುವುದು ಸುಲಭ, ಹತ್ತುವಾಗ ಮಂಡಿ ಮಾತಾಡುತ್ತದೆ. ಜೋರು ಮಳೆಯಲ್ಲಿ ಬಿಡುವುದಿಲ್ಲ.

6. ಮೇಲಿನ ಎರಡು ದಿನ

ಶಿರಸಿಯಲ್ಲಿ ಉಳಿದರೆ ಎಲ್ಲವೂ ಕೈಗೆ ಸಿಗುವಷ್ಟು ದೂರ. ಒಂದು ದಿನ ಯಾಣ, ವಿಭೂತಿ ಜಲಪಾತ. ಇನ್ನೊಂದು ದಿನ ಸಹಸ್ರಲಿಂಗ, ಸೋಂದಾ, ಬನವಾಸಿ. ಸಹಸ್ರಲಿಂಗದಲ್ಲಿ ಶಾಲ್ಮಲೆಯ ಬಂಡೆಗಳ ಮೇಲೆ ಲಿಂಗಗಳನ್ನು ಕೆತ್ತಿದ್ದಾರೆ. ಮಳೆಗಾಲದಲ್ಲಿ ಅವು ನೀರಿನಡಿ, ಏನೂ ಕಾಣುವುದಿಲ್ಲ. ಜಲಪಾತದ ಹುಚ್ಚು ಇದ್ದವರು ಬನವಾಸಿ ಬಿಟ್ಟು ಅಘನಾಶಿನಿಯ ಉಂಚಳ್ಳಿಗೆ ಹೋಗಿ, 116 ಮೀಟರ್. ಇನ್ನೂ ಒಂದು ದಿನ ಇದ್ದರೆ ಯಲ್ಲಾಪುರದ ಮಾಗೋಡು, ಸಾತೊಡ್ಡಿ. ದಾಂಡೇಲಿಯನ್ನು ಇದಕ್ಕೆ ಸೇರಿಸಬೇಡಿ, ಅದು ಬೇರೆಯದೇ ಪ್ರವಾಸ. ಅಲ್ಲಿ ಕಾಳಿಯಲ್ಲಿ ರಾಫ್ಟಿಂಗ್ ನಡೆಯುವುದು ಸೂಪಾ ಆಣೆಕಟ್ಟಿನಿಂದ ನೀರು ಬಿಟ್ಟಾಗ. ದುಡ್ಡು ಕಟ್ಟುವ ಮೊದಲು ಆ ದಿನ ನೀರಿದೆಯಾ ಅಂತ ಕೇಳಿ.

"ಸೊಕ್ಕಿದ್ದವನು ಯಾಣಕ್ಕೆ, ರೊಕ್ಕ ಇದ್ದವನು ಗೋಕರ್ಣಕ್ಕೆ" ಅಂತ ಗಾದೆ ಇತ್ತು. ಯಾಣಕ್ಕೆ ಹೋಗಲು ಅಷ್ಟು ಕಷ್ಟ ಇತ್ತು ಆಗ. ಈಗ ಹತ್ತಿರದವರೆಗೆ ರಸ್ತೆ ಬಂದಿದೆ, ಕಾಡಿನ ನೆರಳಲ್ಲಿ ಸ್ವಲ್ಪ ನಡೆದು ಮೆಟ್ಟಿಲು ಹತ್ತಿದರೆ ಆಯಿತು. 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಎರಡೂ ಕಪ್ಪು ಸುಣ್ಣದ ಕಲ್ಲು. ಬಂಡೆಯ ಮೇಲ್ಭಾಗದಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಕೂಗಾಟ, ಹೊಗೆ, ಕಲ್ಲು ಎಸೆಯುವುದು ಯಾವುದೂ ಬೇಡ.

ಉಂಬಳ, ಅಂದರೆ ಜಿಗಣೆ, ಮಳೆಗಾಲದಲ್ಲಿ ಹತ್ತಿಯೇ ಹತ್ತುತ್ತದೆ. ಹೆದರಬೇಡಿ, ರೋಗ ತರುವುದಿಲ್ಲ. ಕಾಲಿಗೆ, ಸಾಕ್ಸಿಗೆ ಮೊದಲೇ ಬೇವಿನೆಣ್ಣೆ ಅಥವಾ ನಶ್ಯ ಹಚ್ಚಿ. ಕಚ್ಚಿದರೆ ಹಿಡಿದು ಜಗ್ಗಬೇಡಿ, ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಕಡೆಯಿಂದ ಮೆಲ್ಲಗೆ ಸರಿಸಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಸೋಪಿನಿಂದ ತೊಳೆದು ಹತ್ತಿ ಒತ್ತಿ ಹಿಡಿಯಿರಿ.

ಹೆದರಬೇಕಾದದ್ದು ಉಣ್ಣೆಗೆ, ಅಂದರೆ ದನ, ನಾಯಿಗಳ ಮೈಗೆ ಹತ್ತಿ ರಕ್ತ ಹೀರುವ ಸಣ್ಣ ಹುಳಕ್ಕೆ. ಮಂಗನ ಕಾಯಿಲೆ ಅಂತ ಕೇಳಿರಬಹುದು, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಜ್ವರ. ಕಾಡಿನ ಉಣ್ಣೆ ಕಚ್ಚಿ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಸಿದ್ದಾಪುರ, ಸಾಗರ ಕಡೆಯ ಕಾಡಿಗೆ ಹೋಗುವವರು ಪೂರ್ತಿ ತೋಳು, ಪೂರ್ತಿ ಪ್ಯಾಂಟು ಹಾಕಿ. ತರಗೆಲೆಯ ಮೇಲೆ ಕೂರಬೇಡಿ. ವಾಪಸು ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಮೈ ಪೂರ್ತಿ ನೋಡಿಕೊಳ್ಳಿ, ಬಟ್ಟೆ ಬಿಸಿನೀರಲ್ಲಿ ನೆನೆಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ಹೇಳಿ. ಊರಿಗೆ ಹೋದ ಮೇಲೆ ಒಂದೆರಡು ವಾರದಲ್ಲಿ ಜೋರು ಜ್ವರ ಬಂದರೆ ಡಾಕ್ಟರಿಗೆ "ಈ ಕಾಡಿಗೆ ಹೋಗಿದ್ದೆ" ಅಂತ ಮೊದಲೇ ಹೇಳಿ. ಬೆಂಗಳೂರಿನ ಡಾಕ್ಟರಿಗೆ ಅದು ತಾನಾಗಿ ಹೊಳೆಯುವುದಿಲ್ಲ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಏನೂ ಮಾಡದೆ ಅಲುಗಾಡಿಸದೆ ಆಸ್ಪತ್ರೆಗೆ. ಆಂಬುಲೆನ್ಸ್ 108, ಬೇರೆ ತುರ್ತಿಗೆ 112.

7. ಊಟ, ಮತ್ತೆ ಮನೆಗೆ ಒಯ್ಯುವುದು

ಕೆಳಗೆ ಬಂಗುಡೆ, ಕಾಣೆ, ಅಘನಾಶಿನಿ ಅಳಿವೆಯ ಬೆಳಚು. ಬೆಳಚು ಅಂದರೆ ಚಿಪ್ಪಿನೊಳಗಿನ ಮೃದುವಾದ ಜೀವ, ಕಾಯಿತುರಿ ಹಾಕಿ ಸುಕ್ಕಾ ಮಾಡುತ್ತಾರೆ. ಹೊಟ್ಟೆ ಸೂಕ್ಷ್ಮ ಇದ್ದವರು ಚಿಪ್ಪಿನ ಊಟವನ್ನು ಪ್ರಯಾಣದ ಹಿಂದಿನ ರಾತ್ರಿ ಮಾಡಬೇಡಿ. ಮೇಲೆ ಬಂದರೆ ತಂಬುಳಿ, ಅಪ್ಪೆ ಹುಳಿ, ಮುರುಗಲು ಪಾನಕ. ಇವೆಲ್ಲ ಹೋಟೆಲಿನಲ್ಲಿ ಸರಿಯಾಗಿ ಸಿಗುವುದಿಲ್ಲ. ಹೋಂಸ್ಟೇನಲ್ಲಿ ಉಳಿದು ಹಿಂದಿನ ದಿನವೇ "ನೀವು ಮನೇಲಿ ಉಣ್ಣುವುದೇ ನಮಗೂ ಕೊಡಿ" ಅಂತ ಹೇಳಿ. ಅವರಿಗೂ ಖುಷಿ.

ತೊಡದೇವು ಅನ್ನುವ ಇಲ್ಲಿನ ಸಿಹಿತಿಂಡಿ ಮಾಡುವುದನ್ನು ಅವಕಾಶ ಸಿಕ್ಕರೆ ಕಣ್ಣಾರೆ ನೋಡಿ. ಒಲೆಯ ಮೇಲೆ ಮಡಕೆಯನ್ನು ಬೋರಲು ಹಾಕಿರುತ್ತಾರೆ. ಅಕ್ಕಿ ಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ನೀರಿನ ಹಾಗೆ ಕದಡಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಕಾದ ಮಡಕೆಯ ಬೆನ್ನಿಗೆ ಒಮ್ಮೆ ಸವರುತ್ತಾರೆ. ಚುಂಯ್ ಅನ್ನುವಷ್ಟರಲ್ಲಿ ಅಂಚು ಎದ್ದು ಬರುತ್ತದೆ. ಬಿಸಿ ಇರುವಾಗಲೇ ಎಬ್ಬಿಸಿ ಮಡಚಬೇಕು, ಒಂದು ಕ್ಷಣ ತಡವಾದರೆ ಗರಿಯಾಗಿ ಮುರಿಯುತ್ತದೆ. ಕಾಗದದಷ್ಟು ತೆಳ್ಳಗೆ.

ಇದನ್ನು ಕೊಳ್ಳುವುದಾದರೆ ಕೊನೆಯ ದಿನ, ಘಟ್ಟದ ಮೇಲೆ ಕೊಳ್ಳಿ. ಮೊದಲೇ ಕೊಂಡು ಕರಾವಳಿಗೆ ಇಳಿದರೆ ಅಲ್ಲಿನ ಗಾಳಿಯ ತೇವಕ್ಕೆ ಮೆತ್ತಗಾಗುತ್ತದೆ. ಗಟ್ಟಿ ಡಬ್ಬಿಯಲ್ಲಿ ಹಾಕಿಸಿ, ಚೀಲದ ಮೇಲ್ಗಡೆ ಇಡಿ, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.